ಕೃದಂತ ಪಾಠ ಹಾಜರಿ ಪುಸ್ತಕದಿಂದ ಶುರುವಾಗಲಿ

ಕಳೆದ ವರ್ಷ ಆಳಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಹಾಜರಿ ಕರೆಯುತ್ತಿದ್ದರು. ಒಬ್ಬ ಹುಡುಗ ‘ಪ್ರೆಸೆಂಟ್ ಸರ್’ ಅಂದ. ಅವನ ಪಕ್ಕದವನು ‘ಹಾಜರ್ ಸರ್’ ಅಂದ. ಇನ್ನೊಬ್ಬಳು ‘ಅದೀನ್ರಿ ಸರ್’ ಎಂದು ಎದ್ದು ನಿಂತಳು. ಕೊನೆಗೆ ಪ್ರಶಿಕ್ಷಣಾರ್ಥಿ, ‘ಬರದವರ ಹೆಸರು ಹೇಳ್ರಿ’ ಎಂದು ಕೇಳಿ, ಹಾಜರಿ ಪುಸ್ತಕ ಮುಚ್ಚಿ, ಕಪ್ಪುಹಲಗೆಯ ಮೇಲೆ ದಿನದ ಪಾಠದ ಹೆಸರು ಬರೆದರು: ಕೃದಂತಗಳು.

ಆಮೇಲೆ ಮೂವತ್ತೈದು ನಿಮಿಷ ನಡೆದದ್ದು ನಮಗೆಲ್ಲ ಗೊತ್ತಿರುವ ಪಾಠ. ‘ಧಾತುಗಳಿಗೆ ಕೃತ್ ಪ್ರತ್ಯಯಗಳು ಸೇರಿ ಆಗುವ ಪದಗಳೇ ಕೃದಂತಗಳು’ ಎಂಬ ವ್ಯಾಖ್ಯೆ. ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂಬ ಮೂರು ಕಾಲಮುಗಳು. ಮಾಡಿದ, ಮಾಟ, ಮಾಡಿ. ನೋಡಿದ, ನೋಟ, ನೋಡಿ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಪಾಠದ ಕೊನೆಗೆ ನಾನು ಅಪ್ಪಣೆ ಪಡೆದು ಒಂದು ಪ್ರಶ್ನೆ ಕೇಳಿದೆ: ‘ಪುಸ್ತಕದಾಗ ಇಲ್ಲದ ಒಂದು ಉದಾಹರಣೆ ಕೊಡ್ರಿ.’ ತರಗತಿ ಸುಮ್ಮನಾಯಿತು. ಪ್ರಶಿಕ್ಷಣಾರ್ಥಿಯೂ ನನ್ನ ಮುಖ ನೋಡಿದರು.

ಆ ಸುಮ್ಮನಿರುವಿಕೆಗೆ ಮಕ್ಕಳನ್ನಾಗಲಿ ಆ ಪ್ರಶಿಕ್ಷಣಾರ್ಥಿಯನ್ನಾಗಲಿ ದೂರುವಂತಿಲ್ಲ. ಅವರನ್ನು ತಯಾರು ಮಾಡಿದವರು ನಾವು. ಪಾಠದ ಮೊದಲ ಐದು ನಿಮಿಷದಲ್ಲೇ ಆ ಕೋಣೆಯಲ್ಲಿ ಮೂರು ಭಾಷೆಗಳ ಕೃದಂತಗಳು ಓಡಾಡಿದ್ದವು. ‘ಪ್ರೆಸೆಂಟ್’ ಲ್ಯಾಟಿನ್ ಭಾಷೆಯ ಕೃದಂತ. ‘ಹಾಜರ್’ ಅರಬ್ಬಿಯ ಕೃದಂತ. ‘ಬರದವರು’ ನಮ್ಮದೇ ಕನ್ನಡದ ಕೃದಂತ. ನಲಿಕಲಿಯ ದಿನಗಳಿಂದ ಮಕ್ಕಳ ಬಾಯಲ್ಲಿರುವ ಈ ಮಾತುಗಳನ್ನು ಬಿಟ್ಟು ನಾವು ಕಾಲಮು ಗೀಚಿದೆವು.

ನನ್ನ ಅಭಿಪ್ರಾಯ ಇಷ್ಟೆ. ಕೃದಂತವನ್ನು ಹೆಸರಿನಿಂದ ಕಲಿಸುವುದನ್ನು ಬಿಟ್ಟು ಅರ್ಥದಿಂದ ಕಲಿಸಬೇಕು. ಆ ಅರ್ಥ ನಮ್ಮ ಮಕ್ಕಳ ಆಡುಮಾತಿನಲ್ಲಿ ಆಗಲೇ ಇದೆ ಎಂದು ಶಿಕ್ಷಕನಿಗೆ ತಿಳಿದಿರಬೇಕು. ಇದು ತಿಳಿಯದ ಶಿಕ್ಷಕ ಮಗುವಿಗೆ ಹಾನಿಯನ್ನೂ ಮಾಡಬಲ್ಲ. ಹಾಗೆ ಹಾನಿ ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ‘ಪ್ರೆಸೆಂಟ್’ ನೋಡೋಣ. ಲ್ಯಾಟಿನ್ನಿನಲ್ಲಿ ‘ಪ್ರೇ’ ಎಂದರೆ ಮುಂದೆ, ‘ಸೆನ್ಸ್’ ಎಂದರೆ ಇರುವ. ‘ಪ್ರೇಸೆನ್ಸ್’, ಎದುರಿಗೆ ಇರುವವನು. ‘ಆಬ್’ ಎಂದರೆ ದೂರ. ಆದ್ದರಿಂದ ‘ಆ್ಯಬ್ಸೆಂಟ್’, ದೂರ ಇರುವವನು. ಈ ‘ಸೆನ್ಸ್’ ಮತ್ತು ಸಂಸ್ಕೃತದ ‘ಸತ್’ ಒಂದೇ ಮೂಲದ ಮಾತುಗಳು. ಸತ್ ಎಂದರೂ ಇರುವುದು ಎಂದೇ ಅರ್ಥ; ಇರುವುದರಿಂದಲೇ ‘ಸತ್ಯ’. ಇನ್ನು ‘ಹಾಜರ್’ ಅರಬ್ಬಿಯಲ್ಲಿ ‘ಹಾದಿರ್’, ಬಂದು ಇರುವವನು. ನಮ್ಮ ಗೋಡೆಗಳ ಮೇಲೆ ಬರೆಯುವ ‘ಉಪಸ್ಥಿತಿ’ಯ ಹಿಂದಿರುವ ‘ಉಪಸ್ಥಿತ’ ಸಂಸ್ಕೃತದ ಕೃದಂತ, ಹತ್ತಿರ ಬಂದು ನಿಂತವನು. ಹಾಜರಿ ಪುಸ್ತಕದ ಒಂದೇ ಕಾಲಮಿಗೆ ಇಷ್ಟು ಭಾಷೆಗಳು ಹೆಸರು ಕೊಟ್ಟಿವೆ, ಮತ್ತು ಎಲ್ಲವೂ ಕೃದಂತದಿಂದಲೇ ಕೊಟ್ಟಿವೆ. ಯಾಕೆ? ಕ್ರಿಯೆಯನ್ನೇ ಹೆಸರಾಗಿಸುವ ಮಾತು ಬೇಕಾದಾಗ ಎಲ್ಲ ಭಾಷೆಗಳೂ ಇದೇ ದಾರಿ ಹಿಡಿಯುತ್ತವೆ. ಲ್ಯಾಟಿನ್ ವ್ಯಾಕರಣಕಾರರು ಇದನ್ನು ‘ಪಾರ್ಟಿಸಿಪಿಯಂ’ ಎಂದು ಕರೆದದ್ದು ಅದಕ್ಕೇ: ಪಾಲು ತೆಗೆದುಕೊಳ್ಳುವಂಥದ್ದು. ಕ್ರಿಯಾಪದದಿಂದ ಒಂದು ಪಾಲು, ನಾಮಪದದಿಂದ ಒಂದು ಪಾಲು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನೂ ಇಂಥ ಪದಗಳನ್ನು ‘ಕೃಲ್ಲಿಂಗ’ ಎಂದು ಕರೆದು ನಾಮಪದದ ಜೊತೆಗೇ ಕೂಡಿಸಿದ.

ಕನ್ನಡ ಬೋಧಿಸುವವನಿಗೆ ಲ್ಯಾಟಿನ್ ಏಕೆ ಎಂದು ನಮ್ಮ ಸಿಬ್ಬಂದಿ ಕೋಣೆಯಲ್ಲೇ ಒಬ್ಬ ಹಿರಿಯರು ನನ್ನನ್ನು ಕೇಳಿದರು. ‘ನಲವತ್ತು ನಿಮಿಷದ ಪಿರಿಯಡ್ ರೀ. ಪರೀಕ್ಷೆಗೆ ಒಂದು ಮಾರ್ಕಿನ ಪ್ರಶ್ನೆ. ಅದಕ್ಕ ರೋಮ್‌ಗೆ ಹೋಗಿ ಬರಬೇಕೇನು?’ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಮಗುವಿಗೆ ಲ್ಯಾಟಿನ್ ಕಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮಕ್ಕಳು ಲ್ಯಾಟಿನ್ ಕೃದಂತಗಳನ್ನು ದಿನಾ ಬಳಸುತ್ತಾರೆ. ಏಜೆಂಟ್ ಎಂದರೆ ಮಾಡುವವನು. ಪೇಷಂಟ್ ಎಂದರೆ ನೋವು ತಾಳುತ್ತಿರುವವನು. ಸ್ಟೂಡೆಂಟ್ ಎಂದರೆ ಆಸ್ಥೆಯಿಂದ ತೊಡಗಿರುವವನು. ಫ್ಯಾಕ್ಟ್ ಎಂದರೆ ಆದದ್ದು, ಮಾಡಿದ್ದು. ಅಜೆಂಡಾ ಎಂದರೆ ಮಾಡಬೇಕಾದವು. ಮೆಮೊರಾಂಡಮ್ ಎಂದರೆ ನೆನಪಿಡಬೇಕಾದದ್ದು. ಈ ಅರ್ಥಗಳನ್ನು ಕನ್ನಡದಲ್ಲಿ ಬರೆಯುವಾಗ ನಾನು ಏನು ಬಳಸಿದೆ ನೋಡಿ: ಮಾಡುವವನು, ಆದದ್ದು, ಮಾಡಬೇಕಾದವು. ಎಲ್ಲವೂ ಕೃದಂತ. ಕನ್ನಡದ ಕೃದಂತ ಬಲ್ಲ ಮಗುವಿಗೆ ಇಂಗ್ಲಿಷ್ ಪದಕೋಶದ ಒಂದು ದೊಡ್ಡ ಬಾಗಿಲು ಅರ್ಧ ತೆರೆದೇ ಇದೆ.

ಇನ್ನು ಅಫಜಲಪುರಕ್ಕೆ ಬನ್ನಿ. ಆ ತಾಲೂಕಿನ ದೇವಲ ಗಾಣಗಾಪುರಕ್ಕೆ, ಭೀಮಾ ಅಮರಜಾ ಕೂಡುವ ಸಂಗಮಕ್ಕೆ, ಹುಣ್ಣಿಮೆಗೆ ಎಷ್ಟು ಜನ ಬರುತ್ತಾರೆಂದು ಅಲ್ಲಿ ಅಭ್ಯಾಸ ಬೋಧನೆಗೆ ಹೋದವರಿಗೆ ಗೊತ್ತು. ಆ ದಿನ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಅಲ್ಲಿಯ ದೇವರು ದತ್ತ. ‘ದತ್ತ’ ಎಂದರೆ ಕೊಟ್ಟದ್ದು, ಕೊಡಲ್ಪಟ್ಟವನು. ಅತ್ರಿ ಋಷಿಯ ಮಗನಾಗಿ ಕೊಡಲ್ಪಟ್ಟವನು ದತ್ತಾತ್ರೇಯ. ಸಂಸ್ಕೃತದ ಭೂತಕೃದಂತ ಅದು. ‘ದತ್ತು’ ಮಗು, ಕಾಲೇಜಿನ ‘ದತ್ತಿ’ ಉಪನ್ಯಾಸ ಎಲ್ಲದರಲ್ಲೂ ಕೊಡುವ ಮಾತೇ ಇದೆ. ಲ್ಯಾಟಿನ್ನಿನಲ್ಲಿ ಇದೇ ಅರ್ಥದ ಭೂತಕೃದಂತ ‘ದಾತುಮ್’. ಅದರ ಬಹುವಚನ ‘ದಾತಾ’. ಅದೇ ಇಂದಿನ ಡೇಟಾ. ಹಿಂದೆ ಪತ್ರದ ಕೊನೆಗೆ ‘ಇಂಥ ಊರಿನಲ್ಲಿ, ಇಂಥ ದಿನ ಕೊಟ್ಟದ್ದು’ ಎಂದು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದುದರಿಂದ ಇಂಗ್ಲಿಷಿನ ‘ಡೇಟ್’ ಕೂಡ ಅಲ್ಲಿಂದಲೇ ಬಂತು. ನಮ್ಮ ಕ್ರಿಯಾ ಸಂಶೋಧನೆಯ ವರದಿಯಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ‘ದತ್ತಾಂಶ ಸಂಗ್ರಹ’ ಎಂಬ ಅಧ್ಯಾಯ ಬರೆಯುತ್ತಾರೆ. ಡೇಟಾಕ್ಕೆ ದತ್ತಾಂಶ ಎಂಬ ಪದ ಕೂಡಿಸಿದವರು ಎಷ್ಟು ಸರಿಯಾಗಿ ಕೂಡಿಸಿದ್ದಾರೆ! ಗಾಣಗಾಪುರದ ದತ್ತನೂ ಕಂಪ್ಯೂಟರಿನ ಡೇಟಾವೂ ಬಂಧುಗಳು ಎಂದು ಒಮ್ಮೆ ಕೇಳಿದ ಮಗು ಎರಡನ್ನೂ ಮರೆಯುವುದಿಲ್ಲ. ವಾಡಿ ಜಂಕ್ಷನ್ನಿನ ‘ಜಂಕ್ಷನ್’ ಕೂಡ ಹೀಗೆಯೇ: ಲ್ಯಾಟಿನ್ನಿನ ‘ಯುಂಕ್ತುಸ್’ ನಮ್ಮ ‘ಯುಕ್ತ’ದ ಬಂಧು, ಎರಡರ ಅರ್ಥವೂ ಕೂಡಿದ್ದು, ಕೂಡಿಸಿದ್ದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಮಾತು ಹೇಳಿದಾಗಲೆಲ್ಲ ಯಾರಾದರೂ ಒಬ್ಬ ಪ್ರಶಿಕ್ಷಣಾರ್ಥಿ ಎದ್ದು, ‘ಹಾಗಾದರೆ ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತು ಸರ್’ ಎನ್ನುತ್ತಾರೆ. ಇಲ್ಲ. 1786ರಲ್ಲಿ ವಿಲಿಯಂ ಜೋನ್ಸ್ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು. ಅವು ಅಕ್ಕತಂಗಿಯರು, ತಾಯಿಮಗಳಲ್ಲ. ಕನ್ನಡ ಆ ಮನೆತನದ್ದೇ ಅಲ್ಲ. ಅದು ದ್ರಾವಿಡ ಭಾಷೆ. 1856ರಲ್ಲಿ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಅದನ್ನು ವಿಸ್ತಾರವಾಗಿ ತೋರಿಸಿದ. ಅರಬ್ಬಿ ಇನ್ನೂ ಬೇರೆ ಮನೆತನ. ಕೃದಂತಗಳು ಎಲ್ಲ ಕಡೆ ಇವೆ ಎಂದರೆ ಎಲ್ಲವೂ ಒಂದರಿಂದ ಬಂದವು ಎಂದಲ್ಲ. ಈ ವ್ಯತ್ಯಾಸ ತಿಳಿಯದೆ ಪದಮೂಲ ಹೇಳಹೊರಟರೆ ಪಾಠ ಹರಟೆಯಾಗುತ್ತದೆ.

ಅರಬ್ಬಿಯ ಮಾತು ಬಂತು. ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಆ ಕಚೇರಿ ನಮ್ಮ ಕನ್ನಡದಲ್ಲಿ ಬಿಟ್ಟುಹೋದ ಮಾತುಗಳಲ್ಲಿ ಕೃದಂತಗಳ ದೊಡ್ಡ ರಾಶಿಯೇ ಇದೆ. ಮಂಜೂರು ಎಂದರೆ ಮೂಲದಲ್ಲಿ ನೋಡಲಾದದ್ದು; ಸಾಹೇಬರು ನೋಡಿದರೆಂದರೆ ಒಪ್ಪಿದಂತೆ. ಮಜಕೂರು ಎಂದರೆ ಹೇಳಲಾದದ್ದು. ಮಾಮೂಲಿ ಎಂಬುದರ ಹಿಂದಿನ ‘ಮಾಮೂಲ್’ ಎಂದರೆ ರೂಢಿಯಲ್ಲಿ ಮಾಡಲಾಗುವುದು. ಅದು ಮುಂದೆ ಯಾವ ಅರ್ಥಕ್ಕೆ ಇಳಿಯಿತೆಂದು ಹೇಳಬೇಕಿಲ್ಲ. ವಾರಸ ಎಂದರೆ ಪಿತ್ರಾರ್ಜಿತ ಪಡೆಯುವವನು. ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲ ಕನಸು ಕಾಣುವ ‘ಕಾಯಂ’ ನೌಕರಿಯ ಕಾಯಂ ಎಂದರೆ ನಿಂತಿರುವಂಥದ್ದು. ಪಾರಸಿಯಿಂದ ಬಂದ ಗುಮಾಸ್ತ ಎಂದರೆ ನೇಮಿಸಲ್ಪಟ್ಟವನು. ಆಳಂದದ ಸಂತೆಯಲ್ಲಿ, ಜೇವರ್ಗಿಯ ತಹಸೀಲು ಕಚೇರಿಯಲ್ಲಿ ಇವು ದಿನದ ಮಾತುಗಳು.

ಅರಬ್ಬಿಯಲ್ಲಿ ಮಾಡುವವನಿಗೆ ಒಂದು ಅಚ್ಚು, ಮಾಡಲ್ಪಟ್ಟದ್ದಕ್ಕೆ ಇನ್ನೊಂದು ಅಚ್ಚು. ಸೇವೆ ಮಾಡುವವನು ಖಾದಿಮ್, ಸೇವೆ ಪಡೆಯುವವನು ಮಖ್ದೂಮ್. ಪ್ರೀತಿಸುವವನು ಆಶಿಕ್, ಪ್ರೀತಿಸಲ್ಪಟ್ಟವನು ಮಾಶೂಕ್. ಕೊನೆಯ ಜೋಡಿ ಹೇಳಿದಾಗ ಬಿ.ಇಡಿ. ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ಆದರೆ ಕರ್ತರಿ, ಕರ್ಮಣಿ ಎಂಬ ಭೇದ ಆ ನಗೆಯ ಜೊತೆಗೇ ತಲೆಗೆ ಹೋಗುತ್ತದೆ. ಲ್ಯಾಟಿನ್ನಿನಲ್ಲೂ ಹಾಗೆಯೇ: ಪ್ರೀತಿಸುವವನು ‘ಅಮಾನ್ಸ್’, ಪ್ರೀತಿಸಲ್ಪಟ್ಟವನು ‘ಅಮಾತುಸ್’.

ಕನ್ನಡದಲ್ಲಿ ಹೀಗಿಲ್ಲ. ‘ಹೊಡೆದ ಹುಡುಗ’ ಎಂದರೆ ಹೊಡೆದವನು ಹುಡುಗನೇ. ‘ಮಾಸ್ತರು ಹೊಡೆದ ಹುಡುಗ’ ಎಂದರೆ ಪೆಟ್ಟು ತಿಂದವನು ಹುಡುಗ. ‘ಹೊಡೆದ’ ಎಂಬ ರೂಪ ಎರಡಕ್ಕೂ ಒಂದೇ. ಯಾರು ಮಾಡಿದರು, ಯಾರಿಗೆ ಆಯಿತು ಎಂಬುದನ್ನು ವಾಕ್ಯದ ಉಳಿದ ಪದಗಳು ಹೇಳುತ್ತವೆ. ಇದು ಕನ್ನಡದ ಕೊರತೆಯಲ್ಲ, ಕನ್ನಡದ ರೀತಿ. ‘ನಾನು ನಿನ್ನೆ ಹೊಲದಾಗ ನೋಡಿದ ಹಾವು’ ಎಂದು ಐದೇ ಪದಗಳಲ್ಲಿ ನಾವು ಹೇಳುವುದನ್ನು ಇಂಗ್ಲಿಷ್ ಒಂದು ಉಪವಾಕ್ಯ ಜೋಡಿಸಿ ಹೇಳಬೇಕಾಗುತ್ತದೆ. ಜೊತೆಗೆ ಮಾಡಿದ, ಮಾಡುವ ಎಂಬವುಗಳ ಸಾಲಿನಲ್ಲೇ ಮಾಡದ ಎಂಬ ನಿಷೇಧರೂಪವೂ ನಮ್ಮಲ್ಲಿ ಇದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಬೇರೆ ರೂಪವಿಲ್ಲ. ಮುಂದೆ ಒಂದು ನಿಷೇಧದ ಮಾತು ಸೇರಿಸಿಕೊಳ್ಳಬೇಕು.

ಈ ಭೇದ ಗೊತ್ತಿಲ್ಲದ್ದರ ಪರಿಣಾಮವನ್ನು ನಾನು ಜೇವರ್ಗಿ ತಾಲೂಕಿನ ಒಂದು ಶಾಲೆಯ ಇಂಗ್ಲಿಷ್ ಪಾಠದಲ್ಲಿ ಕಂಡೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಧೈರ್ಯ ಮಾಡಿ ಎದ್ದು ‘ಐ ಆ್ಯಮ್ ಬೋರಿಂಗ್’ ಅಂದ. ತನಗೆ ಬೇಸರವಾಗಿದೆ ಎಂಬುದು ಅವನ ಅರ್ಥ. ಪ್ರಶಿಕ್ಷಣಾರ್ಥಿ ನಕ್ಕು, ‘ಬೋರಿಂಗ್ ಅಲ್ಲ, ಬೋರ್ಡ್’ ಎಂದು ತಿದ್ದಿ ಮುಂದೆ ಹೋದರು. ಹುಡುಗನಿಗೆ ಕಪ್ಪುಹಲಗೆ ನೆನಪಾಗಿರಬೇಕು. ಯಾಕೆ ತಪ್ಪು ಎಂದು ಯಾರೂ ಹೇಳಲಿಲ್ಲ. ‘ನಮ್ಮ ಕನ್ನಡದಾಗ ಒಂದೇ ರೂಪ ನಡೀತದ. ಇಂಗ್ಲಿಷಿನಾಗ ಬೇಸರ ಮಾಡುವುದಕ್ಕೆ ಒಂದು, ಬೇಸರ ಆದವನಿಗೆ ಇನ್ನೊಂದು. ಆಶಿಕ್ ಮಾಶೂಕ್ ಇದ್ದಂಗ’ ಎಂದು ಒಂದೇ ನಿಮಿಷದಲ್ಲಿ ಹೇಳಬಹುದಿತ್ತು. ಆ ತರಗತಿಯಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳೂ ಇದ್ದರು. ಅವರೇ ಇನ್ನಷ್ಟು ಜೋಡಿಗಳನ್ನು ಹೇಳುತ್ತಿದ್ದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು ಹೇಳಿದ್ದನ್ನು ನಾವು ಪರೀಕ್ಷೆಗೆ ಬರೆಸುತ್ತೇವೆ. ಆ ಸಂಪನ್ಮೂಲ ಎದುರಿಗೇ ಬೆಂಚಿನ ಮೇಲೆ ಕುಳಿತಿರುವಾಗ ಗುರುತಿಸುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ನಾನು ಬಿ.ಇಡಿ. ಓದುವಾಗ ನನ್ನನ್ನು ಅಭ್ಯಾಸ ಬೋಧನೆಗೆ ಅಫಜಲಪುರ ತಾಲೂಕಿನ, ಭೀಮಾ ದಂಡೆಯ ಒಂದು ಶಾಲೆಗೆ ಹಾಕಿದ್ದರು. ಎಂಟನೆಯ ತರಗತಿಗೆ ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆಯಲು ಕೊಟ್ಟೆ. ಒಬ್ಬ ಹುಡುಗಿ ಬರೆದದ್ದು ಅರ್ಧ ಪುಟ. ಅದರಲ್ಲಿ ಒಂದು ಸಾಲು: ‘ನಮ್ಮಪ್ಪ ಪುಣೆಕ ದುಡಿಲಾಕ ಹ್ವಾದಾಂವ ಇನ್ನ ಬಂದಿಲ್ಲ.’ ನಾನು ಕೆಂಪು ಪೆನ್ನಿನಿಂದ ‘ಪುಣೆಕ’, ‘ದುಡಿಲಾಕ’, ‘ಹ್ವಾದಾಂವ’, ‘ಇನ್ನ’ ನಾಲ್ಕಕ್ಕೂ ಸುತ್ತು ಹಾಕಿದೆ. ಪಕ್ಕದಲ್ಲಿ ‘ಗ್ರಾಮ್ಯ. ಶಿಷ್ಟ ಭಾಷೆ ಬಳಸು’ ಎಂದು ಬರೆದೆ. ಒಂದೇ ಸಾಲಿನಲ್ಲಿ ನಾಲ್ಕು ತಪ್ಪು ಹಿಡಿದೆನೆಂದು ಮೇಲ್ವಿಚಾರಕರು ನನ್ನ ತಿದ್ದುವ ಕೆಲಸವನ್ನು ಮೆಚ್ಚಿದರು. ಆ ಹುಡುಗಿ ಆಮೇಲೆ ನಾನು ಕೊಟ್ಟ ಯಾವ ಪ್ರಬಂಧದಲ್ಲೂ ತನ್ನ ಮನೆಯ ಮಾತು ಬರೆಯಲಿಲ್ಲ. ಗೈಡಿನಿಂದ ನೋಡಿ ಬರೆದಳು. ನಾನು ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಆ ‘ಹ್ವಾದಾಂವ’ ಎಂಬ ಮಾತನ್ನು ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಅದರಲ್ಲಿ ವ್ಯಾಕರಣದ ತಪ್ಪು ಎಲ್ಲಿದೆ? ಶಿಷ್ಟ ಕನ್ನಡದಲ್ಲಿ ಹೋದ ಮತ್ತು ಅವನು ಸೇರಿ ಹೋದವನು. ನಮ್ಮ ಕಡೆ ಅವನು ಎಂಬುದು ಆಂವ. ಹ್ವಾದ ಮತ್ತು ಆಂವ ಸೇರಿ ಹ್ವಾದಾಂವ. ಹೆಂಗಸಾದರೆ ಹ್ವಾದಾಕಿ, ಆ ‘ಆಕಿ’ ಪುಸ್ತಕದ ‘ಆಕೆ’ಯೇ. ಬರುವವನು ಬರಾಂವ, ಬರುವವಳು ಬರಾಕಿ, ಬರದವನು ಬರದಾಂವ. ಒಂದೇ ನಿಯಮ ಎಲ್ಲ ಕಡೆ ತಪ್ಪದೆ ನಡೆದಿದೆ. ಆ ಹುಡುಗಿಗೆ ಭೂತ, ವರ್ತಮಾನ, ನಿಷೇಧ ಮೂರೂ ಕೃದಂತನಾಮಗಳು ಪಾಠಕ್ಕೆ ಮುಂಚೆಯೇ ಬರುತ್ತಿದ್ದವು. ಅದಕ್ಕೆ ವ್ಯಾಕರಣದಲ್ಲಿ ಇಂಥ ಹೆಸರಿದೆ ಎಂದು ಹೇಳುವುದು, ಬರವಣಿಗೆಯಲ್ಲಿ ಹೀಗೆ ಬರೆಯುತ್ತಾರೆ ಎಂದು ಪಕ್ಕದಲ್ಲಿ ಇಟ್ಟು ತೋರಿಸುವುದು ನನ್ನ ಕೆಲಸವಾಗಿತ್ತು. ಅದರ ಬದಲು ಅವಳಿಗೆ ಬರುತ್ತಿದ್ದದ್ದನ್ನು ಬರುವುದಿಲ್ಲ ಎಂದು ಹೇಳಿದೆ. ಅವಳ ಅಪ್ಪ ಇನ್ನೂ ಬಂದಿಲ್ಲ ಎಂಬ ಮಾತನ್ನಂತೂ ಓದಲೇ ಇಲ್ಲ.

‘ಹಾಗಾದರೆ ಶಿಷ್ಟ ಭಾಷೆ ಕಲಿಸುವುದು ಬೇಡವೇ?’ ಎಂದು ಕೇಳುವವರಿದ್ದಾರೆ. ಬೇಕು. ಅರ್ಜಿ ಬರೆಯಲು, ಪರೀಕ್ಷೆ ಬರೆಯಲು, ಬೆಂಗಳೂರಿನವರ ಎದುರು ಅಂಜದೆ ಮಾತಾಡಲು ಬೇಕೇ ಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2025ರಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಮಕ್ಕಳಿಗೆ ಅದನ್ನು ಕಲಿಸದೆ ಬಿಡುವ ಸೌಕರ್ಯ ನಮಗಿಲ್ಲ. ಆದರೆ ‘ಶಿಷ್ಟ’ ಎಂಬ ಪದವೇ ಒಂದು ಭೂತಕೃದಂತ. ಶಾಸ್ ಎಂದರೆ ಕಲಿಸು, ಶಿಕ್ಷಣ ಕೊಡು. ಶಿಷ್ಟ ಎಂದರೆ ಕಲಿಸಲ್ಪಟ್ಟದ್ದು. ಅದೇ ಧಾತುವಿನಿಂದ ‘ಶಿಷ್ಯ’: ಕಲಿಸಲ್ಪಡಬೇಕಾದವನು. ಶಿಷ್ಯ ಮೊದಲು, ಶಿಷ್ಟ ಆಮೇಲೆ. ಕಲಿಸಿದ ಮೇಲೆ ಬರಬೇಕಾದದ್ದನ್ನು ಕಲಿಸುವ ಮೊದಲೇ ಮಗು ತಂದಿಲ್ಲವೆಂದು ಕೆಂಪು ಸುತ್ತು ಹಾಕುವುದು ಆ ಪದದ ಅರ್ಥಕ್ಕೇ ವಿರುದ್ಧ. ‘ಉತ್ತೀರ್ಣ’ ಎಂಬ ಪದವನ್ನೂ ಮಕ್ಕಳಿಗೆ ಬಿಡಿಸಿ ಹೇಳಿ: ದಾಟಿದವನು. ‘ಹೊಳಿ ದಾಟಿದಾಂವ’ ಎಂದು ಭೀಮಾ ದಂಡೆಯ ಹುಡುಗನಿಗೆ ಹೇಳಿದರೆ ಅದು ಅಂಕಪಟ್ಟಿಯ ಮೇಲಿನ ಮುದ್ರೆಯಾಗಿ ಉಳಿಯುವುದಿಲ್ಲ. ದಾಟುವವನಿಗೆ ಈಚೆಯ ದಡದಲ್ಲಿ ಕಾಲೂರಲು ಜಾಗ ಬೇಕು. ಆ ಜಾಗ ಅವನ ಆಡುಮಾತು.

ಹಿರಿಯರು ಕೇಳಿದ ನಲವತ್ತು ನಿಮಿಷದ ಲೆಕ್ಕಕ್ಕೂ ಉತ್ತರ ಕೊಡಬೇಕು. ಈ ವರ್ಷ ಇಬ್ಬರು ಪ್ರಶಿಕ್ಷಣಾರ್ಥಿಗಳೊಂದಿಗೆ ಪಾಠಯೋಜನೆಯನ್ನು ಹೀಗೆ ಬದಲಿಸಿ ನೋಡಿದೆ. ಮೊದಲ ಐದು ನಿಮಿಷ ಹಾಜರಿ. ಬಂದವರು, ಬರದವರು, ತಡವಾಗಿ ಬರುವವರು ಎಂದು ಮಕ್ಕಳೇ ಹೇಳುತ್ತಾರೆ, ತಮ್ಮ ಮಾತಿನಲ್ಲೇ. ‘ಬಂದಾಂವ, ಬರದಾಂವ, ಬರಾಂವ’ ಎಂದು ಎಡಗಡೆ ಬರೆಯುವುದು. ಬಲಗಡೆ ‘ಬಂದವನು, ಬರದವನು, ಬರುವವನು’. ನಡುವೆ ಬಾಣ. ನಿಯಮ ಏನೆಂದು ಮಕ್ಕಳೇ ಹುಡುಕಲಿ. ಹತ್ತು ನಿಮಿಷ ಸಾಕು. ಆಮೇಲೆ ಕೃದಂತ ಎಂಬ ಹೆಸರು. ಕೊನೆಯಲ್ಲಿ ಸಮಯ ಉಳಿದರೆ ಹಾಜರ್, ಪ್ರೆಸೆಂಟ್, ದತ್ತ, ಡೇಟಾ. ವ್ಯಾಖ್ಯೆ ಬಾಯಿಪಾಠ ಮಾಡಿಸಲು ಹಿಡಿಯುತ್ತಿದ್ದ ಸಮಯವೇ ಇದಕ್ಕೂ ಹಿಡಿಯಿತು. ‘ಪುಸ್ತಕದಾಗ ಇಲ್ಲದ ಉದಾಹರಣೆ’ ಕೇಳಿದಾಗ ಒಬ್ಬಳು, ‘ಸರ್, ನೀವು ಈಗ ಅಂದ “ಇಲ್ಲದ” ಅದ ನೋಡ್ರಿ’ ಅಂದಳು. ಅದಕ್ಕಿಂತ ಒಳ್ಳೆಯ ಉತ್ತರ ನಾನು ಯಾವ ಉತ್ತರಪತ್ರಿಕೆಯಲ್ಲೂ ಓದಿಲ್ಲ.

ಶಿಕ್ಷಕ ಶಿಕ್ಷಕರಾದ ನಮ್ಮಲ್ಲಿ ನನ್ನ ಕೋರಿಕೆ ಒಂದೇ. ವೀಕ್ಷಣಾ ಹಾಳೆಯಲ್ಲಿ ‘ಕಪ್ಪುಹಲಗೆ ಬಳಕೆ’, ‘ಧ್ವನಿಯ ಏರಿಳಿತ’ ಎಂಬ ಅಂಶಗಳ ಜೊತೆಗೆ ‘ಮಗುವಿನ ಮಾತನ್ನು ಪಾಠದಲ್ಲಿ ಬಳಸಿದರೇ?’ ಎಂದು ಒಂದು ಸಾಲು ಸೇರಿಸೋಣ. ಪ್ರಶಿಕ್ಷಣಾರ್ಥಿ ಮಿತ್ರರಲ್ಲಿಯೂ ಒಂದು ಕೋರಿಕೆ. ಜೂನ್‌ನಲ್ಲಿ ನೀವು ಆಳಂದಕ್ಕೋ ಅಫಜಲಪುರಕ್ಕೋ ಜೇವರ್ಗಿಗೋ ಹೋಗುತ್ತೀರಿ. ಪ್ರಬಂಧದ ಕಟ್ಟು ಕೈಗೆ ಬರುತ್ತದೆ. ‘ಹ್ವಾದಾಂವ’ ಎಂದು ಯಾರಾದರೂ ಬರೆದಿರುತ್ತಾರೆ. ಪೆನ್ನು ತೆಗೆಯುವ ಮೊದಲು ಆ ಸಾಲನ್ನು ಪೂರ್ತಿ ಓದಿ. ಆ ಮಗುವನ್ನು ಕರೆದು, ಹೋದವರು ಬಂದರೇ ಎಂದು ಕೇಳಿ. ಆಮೇಲೆ ಕೃದಂತ ಹೇಳಿಕೊಡಿ.